ಹಿತ್ತಾಳೆಯ ಮೂರನೇ ಬುಶ್

ಎರಡನೇ ಬುಶ್ಶೂ ವಾಪಸ್ ಬಂತು.

ಕನ್ನಡಕದ ಅಂಗಡಿಯವಳು ಅದನ್ನು ಕಾಗದದ ಪೊಟ್ಟಣದಿಂದ ಬಿಡಿಸಿ, ಲೇತ್ ಮೆಷಿನಿನ ಪಕ್ಕದ ಹಲಗೆಯ ಮೇಲೆ ಮೆಲ್ಲಗೆ ಇಟ್ಟಳು. ಕಿರುಬೆರಳ ತುದಿಗೆ ಉಂಗುರದ ಹಾಗೆ ಕೂರುವಷ್ಟು ಪುಟ್ಟ ಹಿತ್ತಾಳೆ ಬಳೆ ಅದು. ಅವಳ ಅಂಗಡಿಯಲ್ಲಿ ಗಾಜನ್ನು ಫ್ರೇಮಿನ ಆಕಾರಕ್ಕೆ ಉಜ್ಜುವ ಹಳೆಯ ಯಂತ್ರವೊಂದಿತ್ತು. ಆ ಯಂತ್ರದಲ್ಲಿ ತಿರುಗುವ ಕಡ್ಡಿ ಅಲುಗಾಡದಂತೆ ಹಿಡಿದುಕೊಳ್ಳುವುದೇ ಈ ಬುಶ್ಶಿನ ಕೆಲಸ. ಮೊದಲಿದ್ದದ್ದು ಸವೆದುಹೋಗಿತ್ತು. ಯಂತ್ರ ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿ, ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಲೇತಿನಲ್ಲಿ ಹೊಸದಾಗಿ ಮಾಡಿಸುವುದೊಂದೇ ದಾರಿ.

“ಮೊದಲನೇದು ಸಡಿಲ ಆಗಿತ್ತು. ಇದು ಕಡ್ಡಿಗೆ ಹತ್ತೋದೇ ಇಲ್ಲ ಅಂತಿದೆ,” ಎಂದಳು. ದೂರುವ ದನಿಯಾಗಿರಲಿಲ್ಲ ಅದು. ದೂರಿದ್ದರೇ ಲೇತಿನವನಿಗೆ ಹಗುರವಾಗುತ್ತಿತ್ತೋ ಏನೋ.

ಆ ಬೀದಿಯಲ್ಲಿ ಅವನಿಗೆ ‘ಕೂದಲೆಳೆ’ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟದ್ದಲ್ಲ, ಅವನ ಕೆಲಸ ಕಂಡವರು ಇಟ್ಟದ್ದು. ಅಳತೆ ಕೂದಲೆಳೆಯಷ್ಟು ಆಚೀಚೆಯಾದರೂ ಮಾಡಿದ್ದನ್ನು ಗುಜರಿ ಡಬ್ಬಕ್ಕೆ ಎಸೆದು ಹೊಸದು ಹಿಡಿಯುತ್ತಿದ್ದ ಆಸಾಮಿ. ಇಪ್ಪತ್ತು ವರ್ಷದಲ್ಲಿ ಅವನ ಕೈಯಿಂದ ಹೋದ ಕೆಲಸ ವಾಪಸ್ ಬಂದದ್ದೆಂಬುದೇ ಇಲ್ಲ. ಈಗ ನೋಡಿದರೆ ಒಂದೇ ಗಿರಾಕಿ, ಹತ್ತೇ ದಿನ, ಎರಡು ಸಲ.

“ಇನ್ನೊಂದು ಮಾಡಿಕೊಡ್ತೀನಿ ಮೇಡಂ. ನಾಳೆಯೊಳಗೆ,” ಎಂದ.

“ಅವಸರ ಇಲ್ಲ,” ಎಂದಳು ಅವಳು. ಸುಳ್ಳು. ಯಂತ್ರ ನಿಂತಾಗಿನಿಂದ ಗಾಜು ಉಜ್ಜಿಸಲು ಬೇರೆ ಊರಿಗೆ ಕಳಿಸುತ್ತಿದ್ದಾಳೆಂದೂ, ಅವರು ಅಂಚು ಸೀಳಿಸಿ ಕಳಿಸುತ್ತಾರೆಂದೂ, ಗಿರಾಕಿಗಳು ದಿನಾ ಬಂದು ಬೈದು ಹೋಗುತ್ತಾರೆಂದೂ ಅವನಿಗೆ ಗೊತ್ತಿತ್ತು.

ತಪ್ಪಾದದ್ದೇಕೆ ಎಂಬುದೂ ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ವರ್ಷದಿಂದ ಅವನಿಗೆ ಅಳತೆ ಹಿಡಿಯುವ ವರ್ನಿಯರಿನ ಗೆರೆಗಳು ಕಾಣುತ್ತಿರಲಿಲ್ಲ. ಮಿಲಿಮೀಟರನ್ನು ಐವತ್ತು ಪಾಲು ಮಾಡಿ ತೋರಿಸುವ ಆ ಸಣ್ಣ ಗೆರೆಗಳು ಒಂದರೊಳಗೊಂದು ಕಲೆಸಿಕೊಂಡು ಇರುವೆ ಸಾಲಾಗುತ್ತಿದ್ದವು. ಕಣ್ಣುಜ್ಜಿಕೊಂಡರೂ ಅಷ್ಟೇ, ಬಾಗಿಲ ಬೆಳಕಿಗೆ ಬಂದರೂ ಅಷ್ಟೇ. ಆದರೂ ಕೆಲಸ ನಡೆದಿತ್ತು, ಏಕೆಂದರೆ ಬರುವ ಕೆಲಸವೆಲ್ಲ ಹಳೆಯದೇ: ಅದೇ ಪಂಪಿನ ಪಿನ್ನು, ಅದೇ ಗೇಟಿನ ರೋಲರು. ಅವಕ್ಕೆಲ್ಲ ತಾನೇ ಉಕ್ಕಿನ ನಮೂನೆಗಳನ್ನು ಮಾಡಿಟ್ಟುಕೊಂಡಿದ್ದ. ನಮೂನೆ ತೂತಿನೊಳಗೆ ಉಸಿರು ಬಿಟ್ಟ ಹಾಗೆ ಜಾರಿದರೆ ಸರಿ, ತಡೆದರೆ ಇನ್ನೊಂದಿಷ್ಟು ಕೊರೆ. ಬೆರಳು ಹೇಳುತ್ತಿತ್ತು, ಕಣ್ಣು ಬೇಕಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಒಂದು ವರ್ಷ ಹೀಗೇ ದೂಡಿದ.

ಈ ಹಿತ್ತಾಳೆ ಬುಶ್ಶಿಗೆ ಮಾತ್ರ ನಮೂನೆ ಇರಲಿಲ್ಲ. ಮೊದಲ ಸಲ ಅವಳು ತಂದ ಹಳೆಯ ಬುಶ್ಶನ್ನೇ ಬೆರಳಲ್ಲಿ ತಡವಿ, ಅದರಂತೆಯೇ ಕೊರೆದುಕೊಟ್ಟ. ಸವೆದದ್ದನ್ನು ನೋಡಿ ಮಾಡಿದರೆ ಸವೆದದ್ದೇ ತಾನೇ ಬರುವುದು? ಕಲಿಯಲು ಬಂದ ಮೊದಲ ದಿನ ಹೇಳಿಕೊಡುವ ಪಾಠ ಅದು. ಎರಡನೇ ಸಲ ಅವಳು ಯಂತ್ರದ ಹಳೆಯ ಪುಸ್ತಕ ಹುಡುಕಿ, ಅಳತೆಯನ್ನು ದಪ್ಪಕ್ಷರದಲ್ಲಿ ಬರೆದು ತಂದಳು. ಚೀಟಿ ಓದಲು ಬಂತು, ವರ್ನಿಯರ್ ಓದಲು ಬರಲಿಲ್ಲ.

ಈಗ ಅವಳು ನೋಡುತ್ತಿದ್ದಂತೆಯೇ, ವಾಪಸ್ ಬಂದ ಬುಶ್ಶನ್ನು ಅಳೆಯಲು ಅವನು ವರ್ನಿಯರ್ ಎತ್ತಿಕೊಂಡ. ಅಭ್ಯಾಸಬಲದಿಂದ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ಕೈಯನ್ನು ಉದ್ದಕ್ಕೆ ಚಾಚಿ, ತಲೆ ಹಿಂದೆ ವಾಲಿಸಿ ನೋಡಿದ. ತಿರುಗಿದಾಗ ಅವಳ ಹುಬ್ಬು ಒಂದಿಷ್ಟು ಮೇಲೇರಿತ್ತು.

ಅವಳು ನೋಡುವ ರೀತಿಯೇ ಬೇರೆ. ಬೇರೆಯವರು ಮುಖ ನೋಡಿ ಮಾತಾಡಿದರೆ ಇವಳು ಕಣ್ಣು ನೋಡಿ ಮಾತಾಡುವಳು, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಮೊದಲ ದಿನ ಹಾಗೇ ನೋಡಿ “ಅರವತ್ತಾರು” ಎಂದಿದ್ದಳು. ತನ್ನ ವಯಸ್ಸನ್ನೇ ಅಷ್ಟು ಅಂದುಕೊಂಡಳೇನೋ ಎಂದು ನಲವತ್ತೆರಡರ ಗಂಡಸು ಪೆಚ್ಚಾಗಿ ನಿಂತ. ಎರಡು ಕಣ್ಣಿನ ನಡುವಿನ ಅಂತರ ಅಷ್ಟು ಮಿಲಿಮೀಟರು ಎಂದು ವಿವರಿಸಿ, “ನೀವು ಬುಶ್ ಅಳೀತೀರಿ, ನಾನು ಮುಖ ಅಳೀತೀನಿ,” ಎಂದು ನಕ್ಕಿದ್ದಳು. ಆ ನಗು ಅವನ ನಿದ್ದೆಯಲ್ಲಿ ಪಾಲು ಕೇಳುತ್ತಿತ್ತು.

ಈ ಸಲ ನಗಲಿಲ್ಲ. ನಾಳೆ ಮಧ್ಯಾಹ್ನ ಅಂಗಡಿಗೇ ಬಂದು, ಯಂತ್ರದ ಕಡ್ಡಿಯನ್ನೇ ಅಳೆದುಕೊಂಡು ಹೋಗುವಂತೆ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಕಣ್ಣಿಗೆ ಹೋಯಿತು.

ಮನೆಯಲ್ಲಿ ಅಕ್ಕ ಕಾದಿದ್ದಳು. ಬೀದಿಯ ಸುದ್ದಿ ಅವನಿಗಿಂತ ಮೊದಲೇ ಮನೆ ಸೇರುವುದು ಹೊಸದೇನಲ್ಲ. ತಟ್ಟೆಗೆ ಬಡಿಸುತ್ತ ಅಕ್ಕ, ಕೂದಲೆಳೆ ಎರಡು ಸಲ ಅಳತೆ ತಪ್ಪಿದ್ದಾನೆಂದರೆ ಅದು ಬೇಕಂತಲೇ ಇರಬೇಕು, ಅವಳು ಮತ್ತೆ ಮತ್ತೆ ಬರಲಿ ಅಂತ ಆಟ ಹೂಡಿದ್ದಾನೆ ಎಂದು ವೆಲ್ಡಿಂಗ್ ಅಂಗಡಿಯವರು ಆಡಿಕೊಳ್ಳುತ್ತಿದ್ದಾರೆಂದು ವರದಿ ಒಪ್ಪಿಸಿದಳು.

“ನಿಜವೇನೋ?” ಎಂದು ಕೇಳುವಾಗ ಅವಳ ಮುಖ ಅರಳಿತ್ತು. “ನಿಜವಾಗಿದ್ರೆ ನನಗೆ ಹೇಳೋ ಮಾರಾಯ. ನಾನೇ ಹೋಗಿ ಮಾತಾಡ್ತೀನಿ.”

ಅವನು ತಲೆ ತಗ್ಗಿಸಿ ಉಂಡ. ಬೀದಿ ಹಾಗೆ ತಿಳಿದುಕೊಂಡರೆ ಒಳ್ಳೆಯದೇ. ಹೆಣ್ಣಿಗಾಗಿ ಕೆಲಸ ಕೆಡಿಸಿದ ಎಂದರೆ ಜನ ನಕ್ಕು ಸುಮ್ಮನಾಗುತ್ತಾರೆ. ಕಣ್ಣು ಹೋಗುತ್ತಿದೆ ಎಂದರೆ ನಾಳೆಯಿಂದ ಒಬ್ಬನೂ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.

ಕಣ್ಣು ಹೋಗುತ್ತಿದೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅಪ್ಪನಿಗೂ ಹೀಗೇ ಆಗಿತ್ತು. ಅದೇ ಲೇತ್ ಓಡಿಸುತ್ತಿದ್ದ ಅಪ್ಪ ಐವತ್ತು ದಾಟುವ ಹೊತ್ತಿಗೆ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದ, ಆಮೇಲೆ ಲೋಟ ತಡವತೊಡಗಿದ. ಡಾಕ್ಟರ ಹತ್ತಿರ ಹೋದಾಗ ತಡವಾಗಿತ್ತು. ಕೊನೆಯ ಒಂಬತ್ತು ವರ್ಷ ಕತ್ತಲಲ್ಲೇ ಮೆಷಿನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಟೂಲ್ ಮೊಂಡಾಗಿದೆ, ಸಾಣೆ ಹಿಡಿ ಎಂದು ಸದ್ದು ಕೇಳಿಯೇ ಹೇಳುತ್ತಿದ್ದ. ಅಮ್ಮ ಒಂಬತ್ತು ವರ್ಷವೂ ಅವನ ಮೊಣಕೈ ಹಿಡಿದು ನಡೆಸಿದಳು. ಒಂದು ದಿನ ಬಟ್ಟೆ ಹಿಂಡುತ್ತ ಹಿಂಡುತ್ತ ಯಾಕೆಂದು ಹೇಳದೆ ಅತ್ತಳು. ಅದನ್ನು ಕಂಡಂದೇ ಅವನು ಮದುವೆಯ ಮಾತು ಬಿಟ್ಟುಬಿಟ್ಟ. ತನಗೂ ಬರಬಹುದಾದ ಕತ್ತಲೆಗೆ ಇನ್ನೊಬ್ಬಳನ್ನು ಯಾಕೆ ಕಟ್ಟಿಹಾಕಬೇಕು? ಇಷ್ಟು ವರ್ಷ ಆ ತೀರ್ಮಾನ ಭಾರವೆನಿಸಿರಲಿಲ್ಲ. ಈ ಹತ್ತು ದಿನದಿಂದ ಎದೆಯ ಮೇಲೆ ಕಬ್ಬಿಣದ ಗಟ್ಟಿ ಇಟ್ಟ ಹಾಗಿತ್ತು.

ಮರುದಿನ ಮಧ್ಯಾಹ್ನ ಹೋದ. ಹೋಗುವ ಮೊದಲು ಎರಡು ಸಲ ಕೈ ತೊಳೆದ, ಉಗುರಿನ ಸಂದಿಯ ಕಪ್ಪು ಹೋಗಲೇ ಇಲ್ಲ.

ಅವಳ ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆ ತುಂಬ ಖಾಲಿ ಫ್ರೇಮುಗಳು. ಕೊನೆಯಲ್ಲಿ ಪರದೆ, ಪರದೆಯಾಚೆ ಎತ್ತರದ ಕುರ್ಚಿ, ಎದುರು ಗೋಡೆಗೆ ಅಕ್ಷರದ ಪಟ್ಟಿ. ಉಜ್ಜುವ ಯಂತ್ರ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿತ್ತು. ಅವನು ನೇರ ಅದರತ್ತ ನಡೆದ.

“ಅದು ಆಮೇಲೆ. ಮೊದಲು ಇಲ್ಲಿ ಕೂತ್ಕೊಳ್ಳಿ,” ಎಂದು ಅವಳು ಕುರ್ಚಿ ತೋರಿಸಿದಳು.

ತಾನು ಅಳತೆಗೆ ಬಂದವನು, ಕನ್ನಡಕಕ್ಕಲ್ಲ ಎಂದ ಅವನು. ದನಿ ಸ್ವಲ್ಪ ಒರಟಾಯಿತು. ಅವಳು ಬೇಸರಪಟ್ಟುಕೊಳ್ಳಲಿಲ್ಲ. ಪರದೆ ಸರಿಸಿ ಹಿಡಿದುಕೊಂಡೇ ನಿಂತಳು.

“ಬೇಕಂತಲೇ ತಪ್ಪು ಮಾಡ್ತಿದ್ದೀರಿ ಅಂತ ಬೀದಿ ತುಂಬ ಮಾತು,” ಎಂದಳು. “ನನ್ನ ಕಿವಿಗೂ ಬಿತ್ತು. ಹಾಗೇ ಆಗಿರಲಿ ಅಂತ ನನಗೂ ಒಂದು ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನೆ ನೀವು ಕೈ ಚಾಚಿದ್ದು ನೋಡಿದೆ. ಗೊತ್ತಾಯ್ತು.”

ಅವನ ಕಿವಿಯ ತನಕ ಬಿಸಿಯೇರಿತು. ಆಸೆ ಇತ್ತು ಎಂದಳೇ? ಎಂದಳು, ಸ್ಪಷ್ಟವಾಗಿಯೇ ಎಂದಳು. ಗೊತ್ತಾಯ್ತು ಎಂದೂ ಅಂದಳು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹಿಗ್ಗಬೇಕು ತಿಳಿಯದೆ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟ.

ಅವಳು ಗಾಜು ಬದಲಿಸುವ ದುಂಡು ಚೌಕಟ್ಟನ್ನು ಅವನ ಮೂಗಿನ ಮೇಲಿಟ್ಟಳು. ಕಡ್ಡಿಗಳನ್ನು ಕಿವಿಯ ಹಿಂದೆ ಸರಿಸುವಾಗ ಬೆರಳು ತಾಗಿತು. ಇಬ್ಬರೂ ತಾಗಲೇ ಇಲ್ಲ ಎಂಬಂತೆ ಇದ್ದರು. ಗೋಡೆಯ ಪಟ್ಟಿಯನ್ನು ಅವನು ಕೊನೆಯ ಸಾಲಿನವರೆಗೆ ಗಡಗಡ ಓದಿದ. ಆಮೇಲೆ ಅವಳು ಕೈಗೆ ಒಂದು ಕಾರ್ಡು ಕೊಟ್ಟು ಓದಲು ಹೇಳಿದಳು. ಕಾರ್ಡಿನ ತುಂಬ ಇರುವೆ ಸಾಲು. ಅವನ ಕೈ ತಾನಾಗಿ ಉದ್ದಕ್ಕೆ ಚಾಚಿತು.

ಅವಳು ಒಂದು ಗಾಜು ಹಾಕಿದಳು, ತೆಗೆದಳು, ಇನ್ನೊಂದು ಹಾಕಿದಳು.

“ಇದು ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ?”

ಎರಡೂ ಸಲ ಕಂಡದ್ದು ಅವಳ ಮುಖವೇ. ಹತ್ತಿರ ಬಗ್ಗಿದ್ದಳು. ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆ, ಮೂಗಿನ ಮೇಲೆ ಸಣ್ಣ ಸಣ್ಣ ಚುಕ್ಕೆ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ನೆರಳು. ಇಷ್ಟು ದಿನ ತಾನು ಕಂಡದ್ದು ಅವಳ ಅಂದಾಜು ಮಾತ್ರ ಎಂದು ಆಗ ಗೊತ್ತಾಯಿತು. ಅಂದಾಜಿಗಿಂತ ಅಸಲೇ ಚೆಂದವಿತ್ತು.

“ಕಾರ್ಡು ನೋಡ್ರೀ,” ಎಂದಳು ಅವಳು, ತುಟಿ ಬಿಗಿಹಿಡಿದು.

ನೋಡಿದ. ಇರುವೆಗಳು ಚದುರಿ ಅಕ್ಷರಗಳಾಗಿದ್ದವು. ಮೇಲಿನಿಂದ ಕೆಳಗಿನವರೆಗೆ ಓದಿದ, ನಂಬಿಕೆ ಬರದೆ ಕೆಳಗಿನಿಂದ ಮೇಲಕ್ಕೂ ಓದಿದ. ಜೇಬಿನಿಂದ ವರ್ನಿಯರ್ ತೆಗೆದು ಹಿಡಿದ. ಒಂದೊಂದು ಗೆರೆಯೂ ನೆಟ್ಟಗೆ ನಿಂತಿತ್ತು.

“ಚಾಳೀಸು,” ಎಂದಳು. “ನಲವತ್ತು ದಾಟಿದ ಎಲ್ಲರಿಗೂ ಬರೋದು. ಇದಕ್ಕೆ ಇಷ್ಟು ದಿನ ಒದ್ದಾಡಿದ್ರಾ? ಒಂದೂಮುಕ್ಕಾಲು ಪವರ್, ಅಷ್ಟೇ ಕಣ್ರೀ.”

ಅವಳು ನಗುತ್ತಿದ್ದಳು. ಅವನೂ ನಕ್ಕ, ನಗುನಗುತ್ತಲೇ ಅಪ್ಪನ ವಿಷಯ ಹೇಳಿದ. ನನಗೂ ಅದೇ ಬಂತೆಂದು ಎಷ್ಟು ಹೆದರಿದ್ದೆ ಗೊತ್ತಾ ಎಂದ. ಬಾಗಿಲಿಗೆ ಭುಜ ಬಡಿಯುತ್ತಿದ್ದದ್ದು, ಒಂಬತ್ತು ವರ್ಷದ ಕತ್ತಲೆ, ಎಲ್ಲ ಹೇಳಿದ. ಹೇಳುತ್ತ ಹೋದಂತೆ ಅವಳ ನಗು ಮೆಲ್ಲಗೆ ಆರಿತು.

“ಅದು ಬೇರೆ, ಇದು ಬೇರೆ,” ಎಂದಳು ಕೊನೆಗೆ. “ಹತ್ತಿರದ ಗೆರೆ ಕಲೆಸೋದು ಚಾಳೀಸು. ನಿಮ್ಮಪ್ಪನಿಗೆ ಆಗಿದ್ದು ಕಣ್ಣಿನ ಒತ್ತಡ ಹೆಚ್ಚಾಗಿ ಪಕ್ಕದಿಂದ ಕತ್ತಲೆ ಮುಚ್ಚಿಕೊಂಡು ಬರೋದು, ನನಗೆ ಹಾಗನ್ನಿಸುತ್ತೆ. ಅದು ಶುರುವಾದಾಗ ಗೊತ್ತೇ ಆಗಲ್ಲ. ಅಪ್ಪನಿಗಿದ್ರೆ ಮಕ್ಕಳಿಗೂ ಬರಬಹುದು. ನನ್ನ ಹತ್ತಿರ ಅದನ್ನ ನೋಡೋ ಯಂತ್ರ ಇಲ್ಲ. ಕಣ್ಣಾಸ್ಪತ್ರೆಗೆ ಹೋಗಲೇಬೇಕು.”

ಏನೂ ಇಲ್ಲ ಎಂದು ಹೇಳಿ ಕಳಿಸಿಬಿಡಬಾರದೇ ಎಂದು ಕೇಳಿದ ಅವನು, ಮಗುವಿನ ಹಾಗೆ.

“ಹೇಳೋಕೆ ನನಗೂ ಇಷ್ಟ,” ಎಂದಳು. ಆದರೆ ಹೇಳಲಿಲ್ಲ.

ಉಜ್ಜುವ ಯಂತ್ರ ನಿಂತಿದ್ದರಿಂದ, ಅಂಗಡಿಯಲ್ಲಿ ಸಿದ್ಧವಾಗಿದ್ದ ಒಂದು ಓದುವ ಕನ್ನಡಕ ಕೊಟ್ಟು ಕಳಿಸಿದಳು. ಅವನು ಕಡ್ಡಿ ಅಳೆದುಕೊಂಡು ಹೋಗಿ, ಹಿತ್ತಾಳೆ ಸರಳಿನ ತುಂಡೊಂದನ್ನು ಲೇತಿನ ಬಾಯಿಗೆ ಸಿಕ್ಕಿಸಿ ಮೂರನೇ ಬುಶ್ ಕೊರೆದ. ಹೊಂಬಣ್ಣದ ಪುಡಿ ಮೊಣಕೈವರೆಗೆ ಸಿಡಿಯಿತು. ಮರುದಿನ ತಾನೇ ಒಯ್ದು ಕೂರಿಸಿದ. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಯಿತು, ಅಲುಗಾಡಿಸಿದರೆ ಅಲುಗಲಿಲ್ಲ. ಸ್ವಿಚ್ ಹಾಕಿದಾಗ ಯಂತ್ರ ತಕರಾರಿಲ್ಲದೆ ತಿರುಗಿತು. ಅವಳು ಚಪ್ಪಾಳೆ ತಟ್ಟುವುದೊಂದು ಬಾಕಿ.

ಸರಿ, ಕೆಲಸ ಮುಗಿಯಿತು. ಇನ್ನು ಬರಲು ನೆಪವೇನು? ಇಬ್ಬರಿಗೂ ಹೊಳೆಯಲಿಲ್ಲ. ಸೋಮವಾರಕ್ಕೆ ಕಣ್ಣಾಸ್ಪತ್ರೆಯಲ್ಲಿ ಹೆಸರು ಬರೆಸಿದ್ದೇನೆ ಎಂದು ಅವಳು ಚೀಟಿ ಕೊಟ್ಟಳು.

ಸೋಮವಾರ ಅವನು ಹೋಗಲಿಲ್ಲ. ಕೆಲಸ ಜಾಸ್ತಿ ಎಂದು ಅಕ್ಕನಿಗೆ ಹೇಳಿದ. ಅವಳು ದಿನವನ್ನು ಗುರುವಾರಕ್ಕೆ ಬದಲಿಸಿದಳು, ಆಗಲೂ ಅವನು ಹೋಗಲಿಲ್ಲ. ಮೆಷಿನ್ ಓಡಿಸುತ್ತ ಆಗಾಗ ಒಂದು ಕಣ್ಣು ಮುಚ್ಚಿ, ಪಕ್ಕದ ಗೋಡೆ ಎಷ್ಟು ದೂರದವರೆಗೆ ಕಾಣುತ್ತದೆಂದು ಪರೀಕ್ಷಿಸುವುದೇ ಚಾಳಿಯಾಯಿತು. ಒಂದು ದಿನ ಹೆಚ್ಚು ಕಂಡ ಹಾಗಿರುವುದು, ಇನ್ನೊಂದು ದಿನ ಕಡಿಮೆ. ಅನ್ನ ರುಚಿಸುತ್ತಿರಲಿಲ್ಲ. ಬಾಗಿಲು ದಾಟುವಾಗ ಭುಜ ಒಳಕ್ಕೆ ಎಳೆದುಕೊಳ್ಳುತ್ತಿದ್ದ.

ಶುಕ್ರವಾರ ಬೆಳಗ್ಗೆ ಅವಳು ವರ್ಕ್‌ಶಾಪಿಗೇ ಬಂದಳು. ಕೈಯಲ್ಲಿ ಪೊಟ್ಟಣವಿರಲಿಲ್ಲ. ಬಂದವಳೇ ಮೆಷಿನ್ ನಿಲ್ಲಿಸಲು ಸನ್ನೆ ಮಾಡಿದಳು.

ಯಾಕೆ ಹೋಗಲಿಲ್ಲ ಎಂದು ಕೇಳಿದಾಗ ಅವನು ಮೊದಲು ಕೆಲಸದ ನೆಪ ಹೇಳಿದ, ಆಮೇಲೆ ಅಕ್ಕನ ಮಂಡಿ ನೋವಿನ ನೆಪ. ಅವಳು ಬಲಗಣ್ಣು ನೋಡಿದಳು, ಎಡಗಣ್ಣು ನೋಡಿದಳು, ಕಾದಳು. ನೆಪಗಳು ಮುಗಿದುಹೋದವು.

“ಗೊತ್ತಾಗದೇ ಇದ್ರೆ ನಿಮ್ಮ ಅಂಗಡಿ ಮುಂದೆ ಓಡಾಡ್ತಾ ಇರಬಹುದು,” ಎಂದ ಅವನು, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ. “ಆಸೆ ಇಟ್ಕೊಂಡು ಇರಬಹುದು. ಗೊತ್ತಾಗಿ, ಅಪ್ಪನಿಗೆ ಆಗಿದ್ದೇ ನನಗೂ ಆಗಿದ್ರೆ, ಆ ಆಸೆನೂ ಬಿಡಬೇಕು. ನಮ್ಮಮ್ಮ ಪಟ್ಟಿದ್ದು ನೋಡಿದ್ದೀನಿ. ನಿಮಗೆ ಅದು ಬೇಡ.”

ಪಕ್ಕದ ವೆಲ್ಡಿಂಗಿನವನು ಕೆಲಸ ನಿಲ್ಲಿಸಿ ಕಿವಿ ಇತ್ತ ಕೊಟ್ಟಿರಬೇಕು.

“ನನಗೆ ಏನು ಬೇಕು, ಏನು ಬೇಡ ಅಂತ ನನ್ನನ್ನ ಕೇಳಿದ್ರಾ?” ಅವಳ ದನಿಯಲ್ಲಿ ಸಿಟ್ಟು ಅರ್ಧ, ಅಳು ಅರ್ಧ. “ಒಂದು ಬುಶ್ಶಿಗೆ ಮೂರು ಸಲ ಅಳತೆ ತಗೊಂಡ್ರಿ. ನನ್ನ ವಿಷಯಕ್ಕೆ ಬಂದ್ರೆ ಅಂದಾಜಲ್ಲೇ ಮುಗಿಸಿಬಿಟ್ರಿ.”

ಅವನು ಕೈ ಒರೆಸುವ ಬಟ್ಟೆ ಬದಿಗಿಟ್ಟ. ಶಟರ್ ಎಳೆದು ಅವಳ ಜೊತೆ ಹೊರಟ.

ಕಣ್ಣಾಸ್ಪತ್ರೆಯಲ್ಲಿ ಒಂದು ಗಂಟೆ ಕಾದರು. ಎದುರು ಬೆಂಚಿನಲ್ಲಿ ಮುದುಕನೊಬ್ಬ ಮಗಳ ಮೊಣಕೈ ಹಿಡಿದು ಎದ್ದ. ಅವನು ಮುಖ ತಿರುಗಿಸಿಕೊಂಡ. ಅವಳು ಬೇರೇನೂ ಹೇಳದೆ, ವಾರದಿಂದ ಯಂತ್ರದಲ್ಲಿ ಎಷ್ಟು ಜೋಡಿ ಗಾಜು ಉಜ್ಜಿದೆ, ಯಾವ ಗಿರಾಕಿ ಏನೆಂದ ಎಂದು ಒಂದೇ ಸಮ ಹೇಳುತ್ತ ಹೋದಳು. ಅವಳ ಕೈಯೂ ಬೆವರಿದ್ದು ಅವನಿಗೆ ಕಂಡಿತು.

ಡಾಕ್ಟರಮ್ಮ ವಯಸ್ಸಾದವರು. ಮೊದಲು ಅಪ್ಪನ ವಿಷಯ ಕೇಳಿ ತಿಳಿದುಕೊಂಡರು. ಕಣ್ಣಿಗೆ ಗಾಳಿ ಊದಿಸಿದರು, ಬೆಳಕು ಬಿಟ್ಟರು, ಮಿನುಗುವ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿಸಿದರು. ಕಾಗದಗಳನ್ನು ಹರಡಿಕೊಂಡು ಬಹಳ ಹೊತ್ತು ನೋಡಿದರು.

“ಇದೆ,” ಎಂದರು ಕೊನೆಗೆ. “ಒತ್ತಡ ಹೆಚ್ಚಿದೆ. ಎಡಗಣ್ಣಲ್ಲಿ ಅಂಚಿನ ಹತ್ತಿರ ಸ್ವಲ್ಪ ಹೋಗಿದೆ, ಅದು ವಾಪಸ್ ಬರಲ್ಲ. ಆದರೆ ಇದು ಶುರು ಅಷ್ಟೇ. ನಿಮ್ಮ ತಂದೆ ಡಾಕ್ಟರ ಹತ್ತಿರ ಹೋದಾಗ ಮುಗಿದುಹೋಗಿತ್ತು, ನೀವು ಹೊತ್ತಿಗೆ ಸರಿಯಾಗಿ ಬಂದಿದ್ದೀರಿ. ದಿನಕ್ಕೆ ಎರಡು ಹೊತ್ತು ಹನಿ. ಒಂದು ದಿನವೂ ತಪ್ಪಿಸಬಾರದು. ಆಗಾಗ ಬಂದು ತೋರಿಸಬೇಕು. ಹಾಗೆ ನೋಡಿಕೊಂಡರೆ ಬಹಳ ಜನಕ್ಕೆ ಕೊನೆವರೆಗೂ ದೃಷ್ಟಿ ಉಳಿಯುತ್ತೆ.”

ಹೊರಗೆ ಬಂದು, ಔಷಧಿ ಅಂಗಡಿಯ ಎದುರಿನ ಕಲ್ಲುಕಟ್ಟೆಯ ಮೇಲೆ ಕೂತರು. ಅವನ ಕೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಹನಿ ಬಾಟಲಿ. ಇದೆ ಎಂಬ ಮಾತೊಂದೇ ತಲೆಯೊಳಗೆ ತಿರುಗುತ್ತಿತ್ತು. ಉಳಿಯುತ್ತೆ ಎಂದದ್ದು ಇನ್ನೂ ಕಿವಿಯ ಹೊರಗೇ ನಿಂತಿತ್ತು.

“ಕೇಳಿಸಿಕೊಂಡ್ರಲ್ಲ,” ಎಂದ ನೆಲ ನೋಡುತ್ತ. “ಇದು ಜೀವಮಾನದ ಕೆಲಸ. ಬಹಳ ಜನಕ್ಕೆ ಅಂದ್ರು, ಎಲ್ಲರಿಗೂ ಅನ್ನಲಿಲ್ಲ. ನೀವು ಈಗಲೇ ಎದ್ದು ಹೋದ್ರೂ ನಾನು ತಪ್ಪು ತಿಳಿಯಲ್ಲ.”

“ಮೊದಲು ಹನಿ ಹಾಕ್ಕೊಳ್ಳಿ,” ಎಂದಳು ಅವಳು.

ಅವನು ತಲೆ ಎತ್ತಿ ಬಾಟಲಿ ಒತ್ತಿದ. ಕಣ್ಣು ಮುಚ್ಚಿಕೊಂಡಿತು, ಹನಿ ಕೆನ್ನೆಯ ಮೇಲೆ ಬಿತ್ತು. ಮತ್ತೆ ಒತ್ತಿದ, ಹುಬ್ಬಿನ ಮೇಲೆ ಬಿತ್ತು. ಕೆಂಡದಂಥ ಕಬ್ಬಿಣದ ಚೂರು ಸಿಡಿದರೂ ರೆಪ್ಪೆ ಮಿಟುಕಿಸದ ಗಂಡಸು ಒಂದು ತೊಟ್ಟು ನೀರಿಗೆ ಹೆದರಿ ಕೂತಿದ್ದ. ಮೂರನೇ ಸಲ ಕಿವಿಯ ಪಕ್ಕ ಇಳಿಯಿತು.

ಅವಳು ಬಾಟಲಿ ಕಸಿದುಕೊಂಡು ಎದ್ದು ನಿಂತಳು. ಎಡಗೈಯಲ್ಲಿ ಅವನ ಗಲ್ಲ ಎತ್ತಿ, ಹೆಬ್ಬೆರಳಲ್ಲಿ ಕೆಳರೆಪ್ಪೆ ಮೆಲ್ಲಗೆ ಎಳೆದು ಹಿಡಿದಳು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಅವಳಿಗೆ ಅದರ ಪರಿವೆಯಿರಲಿಲ್ಲ.

“ಮೇಲೆ ನೋಡಿ. ನನ್ನನ್ನ ಅಲ್ಲ, ಇನ್ನೂ ಮೇಲೆ.”

ಹನಿ ಬಿತ್ತು. ತಣ್ಣಗಿತ್ತು, ಆಮೇಲೆ ಸಣ್ಣಗೆ ಉರಿಯಿತು. ಇನ್ನೊಂದು ಕಣ್ಣಿಗೂ ಹಾಕಿದಳು. ಮುಚ್ಚಿಕೊಂಡೇ ಇರಬೇಕೆಂದು ಹೇಳಿ, ಕೆನ್ನೆಯ ಮೇಲಿನ ನೀರನ್ನು ತನ್ನ ಸೆರಗಿನಿಂದ ಒರೆಸಿದಳು. ಅದರಲ್ಲಿ ಔಷಧಿಯೆಷ್ಟು, ಅವನದೆಷ್ಟು ಎಂದು ಅವಳು ಕೇಳಲಿಲ್ಲ.

“ಬೆಳಗ್ಗೆ ಒಂದು ಹೊತ್ತು, ರಾತ್ರಿ ಒಂದು ಹೊತ್ತು,” ಎಂದಳು. ಮುಚ್ಚಿದ ಕಣ್ಣಿನ ಕತ್ತಲೆಯಲ್ಲಿ ಅವಳ ದನಿ ಬಹಳ ಹತ್ತಿರವಿತ್ತು. “ಬೆಳಗ್ಗೆ ಬೇಕಾದ್ರೆ ಅಂಗಡಿಗೆ ಬಂದು ಹಾಕಿಸ್ಕೊಂಡು ಹೋಗಬಹುದು. ರಾತ್ರಿದಕ್ಕೆ ನಾವಿಬ್ಬರೂ ಒಂದೇ ಮನೇಲಿ ಇರಬೇಕಾಗುತ್ತೆ. ನಿಮ್ಮಕ್ಕನ ಹತ್ತಿರ ನೀವು ಮಾತಾಡ್ತೀರೋ, ನಾನೇ ಬರಲೋ?”

ಅವನು ಕಣ್ಣು ತೆರೆಯಲಿಲ್ಲ. ಗಲ್ಲದ ಮೇಲಿದ್ದ ಅವಳ ಕೈಯನ್ನು ತಡವಿ ಹಿಡಿದುಕೊಂಡ.

“ಒಟ್ಟಿಗೇ ಹೋಗೋಣ,” ಎಂದ.